ಕೈ ಬಿಟ್ಟರೂ ನಿಲ್ಲುವ ಮಾಸ್ಕ್

"ಪಟ್ಟಿ ತಲೆಗೆ ಹಾಕ್ಬೇಡಿ ಮೇಡಂ. ಸುಮ್ನೆ ಮುಖಕ್ಕೆ ಒತ್ತಿ, ಮೂಗಲ್ಲಿ ಉಸಿರು ಎಳ್ಕೊಳಿ. ಆಮೇಲೆ ಕೈ ಬಿಡಿ."

ಸೀತಾಲಕ್ಷ್ಮಿ ಕೈ ಬಿಟ್ಟಳು. ಬದರಿನಾಥ ಮಾವ ಸಿಂಗಪುರದಿಂದ ತಂದುಕೊಟ್ಟಿದ್ದ, ಕಣ್ಣು ಮೂಗು ಮುಚ್ಚುವ ಗಾಜಿನ ನೀಲಿ ಮಾಸ್ಕ್ ಮುಖದಿಂದ ಜಾರಿ, ಈಜುಕೊಳದ ಕಟ್ಟೆಯ ಮೇಲೆ ಟಪ್ಪೆಂದು ಬಿತ್ತು.

ಈಜಲು ಬಂದಿದ್ದ ಜಯನಗರದ ಹುಡುಗಿಯರು ಕಿಸಕ್ಕೆಂದರು.

"ಬಣ್ಣ ಚೆನ್ನಾಗಿದೆ," ಎಂದ ತರಬೇತುದಾರ ಚಲುವರಾಜು. "ಆದ್ರೆ ನಿಮ್ಮ ಮುಖಕ್ಕಲ್ಲ. ಸರಿಯಾದ ಮಾಸ್ಕ್ ಕೈ ಬಿಟ್ರೂ ನಿಲ್ಲತ್ತೆ. ನಿಲ್ಲದೇ ಇರೋದಕ್ಕೆ ಪಟ್ಟಿ ಎಷ್ಟು ಬಿಗಿದ್ರೂ ನೀರು ಬರತ್ತೆ."

'ಹೇಳುವಾಗ ಸ್ವಲ್ಪ ನಕ್ಕರೆ ಇವರ ಗಂಟೇನು ಹೋಗುತ್ತೆ...' ಎಂದುಕೊಂಡಳು. ಕಣ್ಣು ತುಂಬಿತ್ತು. ತೋರಗೊಡಲಿಲ್ಲ.

ಅದು ಎಂಬತ್ತಮೂರನೆಯ ಇಸವಿ. ಸೀತಾಲಕ್ಷ್ಮಿ ಪ್ರಾಣಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಜನವರಿಯಲ್ಲಿ ಲಕ್ಷದ್ವೀಪಕ್ಕೆ ಹೋಗಿ ಹವಳ ನೋಡಬೇಕಿತ್ತು, ಅದೂ ಮುಳುಗಿ. ಅವಳ ಪ್ರೊಫೆಸರ್ ರಾಮಪ್ರಸಾದ್ ಸ್ಪಷ್ಟವಾಗಿ ಹೇಳಿದ್ದರು: ಬೇಕಾದ ಸಾಮಾನು ನೀನೇ ಹೊಂದಿಸಿಕೋ, ಚಲುವರಾಜು 'ಸರಿ' ಅಂದರೆ ಮಾತ್ರ ಕಳಿಸ್ತೀನಿ.

ಸಮುದ್ರವಿಲ್ಲದ ಈ ಊರಿನಲ್ಲಿ ಅದನ್ನು ಕಲಿಸಬಲ್ಲವನು ಅವನೊಬ್ಬನೇ. ನೌಕಾಪಡೆಯಲ್ಲಿ ಮುಳುಗುಗಾರನಾಗಿದ್ದವನು, ಏಕೋ ಬಿಟ್ಟು ಬಂದು ಈಜು ಕಲಿಸುತ್ತಿದ್ದ. ಜರಗನಹಳ್ಳಿಯಲ್ಲಿ ತಾಯಿ ಪಾರ್ವತಮ್ಮನ ಜೊತೆ ವಾಸ.

"ಭಾನುವಾರ ಮನೇಗೆ ಬನ್ನಿ," ಎಂದ. "ಹಳೇ ಸಾಮಾನಿದೆ. ನಿಮಗೆ ಆಗೋದನ್ನ ಆರಿಸೋಣ."

ಭಾನುವಾರ ಕನಕಪುರ ರಸ್ತೆಯಲ್ಲಿ ಬಸ್ಸಿಳಿದು ಹೋದಾಗ, ಅವನು ಜಗಲಿಯ ಚಾಪೆಯ ಮೇಲೆ ಎಲ್ಲವನ್ನೂ ಹರವಿ ಕಾದಿದ್ದ. ಪಾರ್ವತಮ್ಮ ಕಾಫಿ ತಂದಿಟ್ಟು, ಕಾಲಿಗೆ ಹಾಕುವ ರಬ್ಬರಿನ ಫಿನ್ಸನ್ನು ಎತ್ತಿ ನೋಡಿದರು.

"ಈ ಬಾತುಕೋಳಿ ಕಾಲು ಹಾಕ್ಕೊಂಡು ಸಮುದ್ರಕ್ಕೆ ಹೋಯ್ತೀಯೇನವ್ವ? ಮದ್ವೆ ವಯಸ್ನಲ್ಲಿ?"

"ಮದುವೆ ಆದ್ಮೇಲೆ ಬಿಡ್ತಾರೋ ಇಲ್ವೋ ಅಮ್ಮ. ಅದಕ್ಕೇ ಮೊದ್ಲೇ ಹೋಗಿ ಬರ್ತೀನಿ."

ಪಾರ್ವತಮ್ಮ ನಕ್ಕರು. ಮಗ ನಗಲಿಲ್ಲ.

"ಹಿಮ್ಮಡಿ ಆಡಬಾರದು, ಬೆರಳು ಕಚ್ಚಬಾರದು," ಎನ್ನುತ್ತ ಒಂದೊಂದೇ ಜೊತೆ ಕೊಟ್ಟ. "ಚಪ್ಪಲಿ ಹಂಗೆ ಆಮೇಲೆ ಸಡಿಲ ಆಗತ್ತೆ ಅಂತ ತಗೋಬೇಡಿ." ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ರೆಗ್ಯುಲೇಟರನ್ನು ಕೊಟ್ಟು ಹೇಳಿದ, "ಎಳೆದ್ರೆ ಗಾಳಿ ಬರಬೇಕು. ನಾವು ಬೇಡ್ಕೋಬಾರದು. ಇನ್ನೊಂದು, ಮೇಲೆ ಬರೋವಾಗ ಯಾವತ್ತೂ ಉಸಿರು ಹಿಡೀಬೇಡಿ. ಏನೇ ಆಗ್ಲಿ, ಬಿಡ್ತಾ ಬನ್ನಿ."

ಮಾಸ್ಕ್ ಮಾತ್ರ ಯಾವುದೂ ನಿಲ್ಲಲಿಲ್ಲ. ಅವಳದು ಸಣ್ಣ ಮುಖ. ಪಕ್ಕದಲ್ಲಿ ತೆರೆದಿದ್ದ ಟ್ರಂಕಿನ ಮೂಲೆಯಲ್ಲಿ, ಪೌಡರ್ ಹಚ್ಚಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕಪ್ಪು ಮಾಸ್ಕೊಂದು ಅವಳಿಗೆ ಕಂಡಿತು. ತೆಗೆದು ಒತ್ತಿಕೊಂಡಳು. ಕೈ ಬಿಟ್ಟಳು.

ಅದು ನಿಂತಿತು.

ಚಲುವರಾಜು ಒಂದು ಕ್ಷಣ ನೋಡಿದ. ಮುಂದೆ ಬಾಗಿ, ಅದನ್ನು ಅವಳ ಮುಖದಿಂದ ಮೆಲ್ಲಗೆ ಬಿಡಿಸಿಕೊಂಡ.

"ಇದು ಬೇಡ."

"ಯಾರದು?"

ಅವನು ಬಟ್ಟೆ ಸುತ್ತಿ ಟ್ರಂಕು ಮುಚ್ಚಿದ. ಇಷ್ಟು ಚಿಕ್ಕ ಮಾಸ್ಕ್, ಇಷ್ಟು ಜೋಪಾನ... ಯಾವಳೋ ಒಬ್ಬಳದು. ಅವಳಿಗೆ ಬೇರೆ ಉತ್ತರ ಬೇಕಾಗಲಿಲ್ಲ. ಸುಮಾರಾಗಿ ಹೊಂದುವ ಇನ್ನೊಂದನ್ನು ತೆಗೆದುಕೊಂಡಳು. ಅದು ಪ್ರತಿಸಲವೂ ಸ್ವಲ್ಪ ಸೋರುತ್ತಿತ್ತು.

ಮಳೆಗಾಲವೆಲ್ಲ ಕಲಿತಳು. ನೀರೊಳಗೆ ಅವನ ಕೈಸನ್ನೆಗಳು ಎಷ್ಟು ಮೃದುವಾಗಿದ್ದವೆಂದರೆ, ಮೇಲೆ ಬಂದೊಡನೆ ಅವನು ಮತ್ತೆ ಬಿಗಿಯಾದಾಗ ಅವಳಿಗೆ ನೋವಾಗುತ್ತಿತ್ತು. ಎಲ್ಲ ಸರಿಯಾಗಿ ಮಾಡಿದರೂ ಅವನು 'ಸರಿ' ಎನ್ನುತ್ತಿರಲಿಲ್ಲ.

ಒಂದು ದಿನ ಅವನೇ ಹೇಳಿದ. "ಬೇರೆ ಯಾರನ್ನಾದ್ರೂ ಕಳಿಸೋಕೆ ಹೇಳಿ, ನಿಮ್ಮ ಪ್ರೊಫೆಸರ್‌ಗೆ."

"ನಾನು ಹೆಂಗಸು ಅಂತಾನಾ?"

ಅವನು ಬಗ್ಗಿ ಸಿಲಿಂಡರ್ ಎತ್ತಿಡತೊಡಗಿದ.

"ಆಯುಧಪೂಜೆ ಮಾರನೇ ದಿನ ಕೊನೇ ಸಲ ಪರೀಕ್ಷೆ ಮಾಡಿ ಸಾರ್. ಅವತ್ತೂ ಆಗಲ್ಲ ಅಂದ್ರೆ ನಾನು ಮತ್ತೆ ಬರಲ್ಲ." ಸಮುದ್ರ ಮಾತ್ರವಲ್ಲ, ಇವನೂ ಕೈ ತಪ್ಪುತ್ತಾನೆಂದು ಗೊತ್ತಿದ್ದೇ ಹೇಳಿದಳು.

ಆ ಬೆಳಿಗ್ಗೆ ಕೊಳದಲ್ಲಿ ಬೇರಾರೂ ಇರಲಿಲ್ಲ. ಮೇಲೆ ತೆಗೆದುಕೊಂಡ ಒಂದೆರಡು ಉಸಿರು ಸರಾಗವಾಗಿದ್ದವು. ಅವಳು ಆಳದ ತುದಿಗೆ ಇಳಿದಳು.

ಚಲುವರಾಜು ಕಟ್ಟೆಯ ಮೇಲೆ ನಿಂತು ಗುಳ್ಳೆಗಳನ್ನು ನೋಡುತ್ತಿದ್ದ. ಗುಳ್ಳೆಗಳ ತಾಳ ತಪ್ಪಿತು. ಅವಳು ಸರ್ರನೆ ಮೇಲೆ ಬಂದಳು. ಕೆಮ್ಮುತ್ತಿದ್ದಳು. ತುಟಿಯ ಮೇಲೆ, ಗಲ್ಲದ ಮೇಲೆ, ಸುತ್ತಲಿನ ನೀರಿನಲ್ಲಿ... ಕೆಂಪು.

ಅಂಗಿ, ವಾಚು ಸಮೇತ ಅವನು ನೀರಿಗೆ ಬಿದ್ದ. ಅವಳನ್ನು ಎಳೆದು ತಂದು ಕಟ್ಟೆಗೆ ಒರಗಿಸಿದ.

"ಉಸಿರು ಹಿಡಿದ್ಯಾ? ಸೀತಾ, ಹೇಳು. ನೀನು ಉಸಿರು ಹಿಡಿದ್ಯಾ?"

ಅವನ ಬಾಯಲ್ಲಿ 'ನೀನು' ಅವಳು ಕೇಳಿದ್ದು ಅದೇ ಮೊದಲು. ಅವಳು ತುಟಿ ಒರೆಸಿ ಬೆರಳು ನೋಡಿಕೊಂಡಳು. ನಾಲಿಗೆಗೆ ತಾಕಿಸಿದಳು.

"ರಕ್ತ ಅಲ್ಲ... ಕುಂಕುಮ."

ಅವನು ರೆಗ್ಯುಲೇಟರನ್ನು ತಿರುಗಿಸಿ ನೋಡಿದ. ಒಳಗೆಲ್ಲ ಕೆಂಪು ರಾಡಿ. ನಿನ್ನೆ ಪಾರ್ವತಮ್ಮ ಮಚ್ಚು, ಕುಡುಗೋಲು, ಸೈಕಲ್ಲಿನ ಸಾಲಿನಲ್ಲಿ ಇದನ್ನೂ ಇಟ್ಟು ಪೂಜೆ ಮಾಡಿದ್ದರು. ಹೊರಗಿನದನ್ನು ಅವನು ಒರೆಸಿದ್ದ. ಬಾಯಿಡುವ ಜಾಗದ ಒಳಗೂ ಅಮ್ಮ ಚಿಟಿಕೆ ಇಟ್ಟಿರಬಹುದೆಂದು ಹೊಳೆದಿರಲಿಲ್ಲ. ಒಣಗಿ ಕೂತಿದ್ದ ಕುಂಕುಮ ನೀರು ಸೋಕಿ ಕರಗಿ, ಗಾಳಿಯ ಜೊತೆ ಅವಳ ಬಾಯಿಗೆ ಬಂದಿತ್ತು.

"ಬಿಡ್ತಾನೇ ಬಂದೆ," ಎಂದಳು. "ನೀವು ಹೇಳಿದ ಹಂಗೆ."

ಅವಳು ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ದೇವದಾಸ್ ಅಂತ," ಅವನು ನೀರು ನೋಡುತ್ತ ಹೇಳಿದ. "ನೌಕಾಪಡೇಲಿ ನನ್ನ ಜೊತೆಗಾರ. ಗಾಬರೀಲಿ ಉಸಿರು ಹಿಡಿದು ಮೇಲೆ ಬಂದ. ಶ್ವಾಸಕೋಶ ಹರಿದುಹೋಗಿತ್ತು, ಉಳೀಲಿಲ್ಲ. ಹಿಂಗೇ... ಬಾಯೆಲ್ಲ ಕೆಂಪು. ದೂರದಿಂದ ನಾನು, ನಗ್ತಿದಾನೆ ಅನ್ಕೊಂಡೆ."

ಅವಳು ಮೆಲ್ಲಗೆ ಕೇಳಿದಳು. "ಆ ಕಪ್ಪು ಮಾಸ್ಕ್?"

"ಅವನದೇ. ಅವನದೂ ಸಣ್ಣ ಮುಖ."

"ಯಾವುದೋ ಹುಡುಗೀದು ಅನ್ಕೊಂಡಿದ್ದೆ. ಮಳೆಗಾಲವೆಲ್ಲ ಅವಳನ್ನ ಬೈಕೊಂಡಿದೀನಿ."

ಅವನು ಅವಳತ್ತ ತಿರುಗಿದ. "ನೀವು ಹೆಂಗಸು ಅಂತ ಬೇಡ ಅನ್ಲಿಲ್ಲ. ಹೋಗೋದು ನೀವು, ಅಂತ..."

"ಈಗ ತಾನೇ ನೀನು ಅಂದ್ರಿ."

ಅವನು ತಲೆ ತಗ್ಗಿಸಿದ.

"ನಂಗೂ ನಿಮ್ಮ ಮೇಲೆ ಹಂಗೇ," ಎಂದಳು ಸೀತಾಲಕ್ಷ್ಮಿ. "ಅದಕ್ಕೇ ಹೇಳ್ತಿದೀನಿ, ಭಯ ಬಿದ್ದು ನನ್ನನ್ನ ದಡದಲ್ಲಿ ಕೂರಿಸಬೇಡಿ. ಇನ್ನೊಂದ್ಸಲ ಇಳೀತೀನಿ."

ಅವನು ರೆಗ್ಯುಲೇಟರನ್ನು ಬಿಚ್ಚಿ, ತೊಳೆದು, ಜೋಡಿಸಿ, ಮೊದಲು ನೀರಲ್ಲಿಟ್ಟು ತಾನೇ ಉಸಿರಾಡಿ ನೋಡಿ ಕೊಟ್ಟ. ಅವಳು ಇಳಿದಳು. ಗುಳ್ಳೆಗಳು ಒಂದೊಂದಾಗಿ, ತಪ್ಪದೆ ಬಂದವು. ಆಮೇಲೆ ಅವಳು ಬಂದಳು, ನಿಧಾನವಾಗಿ.

"ಸರಿ," ಎಂದ ಅವನು.

ಹೊರಡುವ ಹಿಂದಿನ ದಿನ ಅವಳು ಜರಗನಹಳ್ಳಿಗೆ ಹೋದಾಗ, ಪಾರ್ವತಮ್ಮ ಅವಳ ಹಣೆಗೆ ಕುಂಕುಮ ಇಟ್ಟರು. "ಇವತ್ತು ಸರಿಯಾದ ಜಾಗಕ್ಕೇ ಇಟ್ಟಿವ್ನಿ ಕಣವ್ವ," ಎಂದು ಒಳಗೆ ಹೋದರು.

ಚಲುವರಾಜು ಬಿಳಿ ಬಟ್ಟೆ ಬಿಚ್ಚಿದ. ಕಪ್ಪು ಮಾಸ್ಕನ್ನು ಅವಳ ಮುಖಕ್ಕೆ ತಾನೇ ಒತ್ತಿದ.

"ಉಸಿರು ಎಳ್ಕೋ."

ಎಳೆದುಕೊಂಡಳು. ಅವನ ಕೈ ಅಲ್ಲೇ ಇತ್ತು... ಇನ್ನೂ ಅಲ್ಲೇ ಇತ್ತು. ಕೊನೆಗೆ ಬಿಟ್ಟ. ಮಾಸ್ಕ್ ನಿಂತಿತು.

"ವಾಪಸ್ ಬರ್ತೀಯಲ್ಲ?"

ಬಾಯಿ ಬಿಟ್ಟರೆ ಮಾಸ್ಕ್ ಸಡಿಲಾಗುತ್ತಿತ್ತು. ಗಾಜಿನ ಹಿಂದಿನಿಂದ ಅವಳು ತಲೆಯಾಡಿಸಿದಳು.

"ನಗಬೇಡ, ಬೀಳತ್ತೆ," ಎಂದ.

ಅವಳು ನಕ್ಕಳು. ಜಾರಿದ ಮಾಸ್ಕನ್ನು ಅವನು ಅಂಗೈ ಒಡ್ಡಿ ಹಿಡಿದುಕೊಂಡ.