ಅಭ್ಯರ್ಥಿಗೂ ನಿಮಗೂ ಏನು ಸಂಬಂಧ?

ಹೊಟ್ಟೆನೋವು ಅಂತ ಮಲಗಿದ್ದ ಮನುಷ್ಯನಿಗೆ ನಾನು ಪಾರ್ಶ್ವವಾಯು ಅಂದುಬಿಟ್ಟೆ. ನಮ್ಮ ಪ್ರೇಮಕಥೆ ಶುರುವಾಗಿದ್ದು ಹಾಗೆ. ನಗಬೇಡಿ.

ಒಂಬತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಬೆವರು ಸುರಿಸಿದವಳು ನಾನು. ಮಧ್ಯಾಹ್ನದ ಊಟದ ಹೊತ್ತಿಗೆ ನೂರಿಪ್ಪತ್ತು ರೋಗಿಗಳನ್ನು ನೋಡಿ ಮುಗಿಸಿರುತ್ತಿದ್ದೆ. ಈ ದೇಶಕ್ಕೆ ಬಂದು ಇಳಿದಿದ್ದೇ ತಡ, ನನ್ನ ಡಿಗ್ರಿ ಬರೀ ಕಾಗದ ಆಗಿಹೋಯಿತು. ಇಲ್ಲಿನ ಪರೀಕ್ಷೆ ಪಾಸಾದರೆ ಲೈಸೆನ್ಸು, ಲೈಸೆನ್ಸು ಸಿಕ್ಕರೆ ಕೆಲಸ. ಅಲ್ಲಿಯವರೆಗೆ ಅಕ್ಕ-ಭಾವನ ಮನೆಯ ಸೋಫಾವೇ ಮಂಚ, ವೃದ್ಧಾಶ್ರಮದ ಆಯಾ ಕೆಲಸವೇ ಹೊಟ್ಟೆಪಾಡು. ಅಪ್ಪ ಮಾತ್ರ ಊರಲ್ಲಿ ಸಿಕ್ಕಸಿಕ್ಕವರಿಗೆಲ್ಲ "ನಮ್ಮ ಹುಡುಗಿ ಅಲ್ಲಿ ದೊಡ್ಡ ಡಾಕ್ಟರು" ಅಂತ ಹೇಳಿಕೊಂಡು ಓಡಾಡುತ್ತಿದ್ದರು. ಇಲ್ಲಪ್ಪ ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ಆ ಪರೀಕ್ಷೆ ಹೇಗಿರುತ್ತೆ ಅಂತ ಮೊದಲು ಹೇಳಿಬಿಡ್ತೀನಿ. ಸಾಲಾಗಿ ಹನ್ನೆರಡು ಕೋಣೆ. ಒಂದೊಂದರಲ್ಲೂ ಒಬ್ಬ ರೋಗಿ, ಮೂಲೆಯಲ್ಲಿ ಪೆನ್ನು ಹಿಡಿದ ಪರೀಕ್ಷಕರು. ಗಂಟೆ ಹೊಡೆದರೆ ಒಳಗೆ, ಎಂಟು ನಿಮಿಷಕ್ಕೆ ಮತ್ತೆ ಗಂಟೆ, ಮುಂದಿನ ಕೋಣೆ. ರೋಗಿಗಳೆಲ್ಲ ಗುಂಡುಕಲ್ಲಿನ ಹಾಗಿರುವವರು. ಸಂಬಳಕ್ಕೆ ನರಳುವ ನಟರು. ಒಬ್ಬರಿಗೆ ಮೂರೇ ಅವಕಾಶ. ಮೂರರಲ್ಲೂ ಫೇಲಾದರೆ ಈ ಜನ್ಮದಲ್ಲಿ ಇಲ್ಲಿ ಡಾಕ್ಟರಾಗುವ ಹಾಗಿಲ್ಲ.

ನನ್ನ ಎರಡನೇ ಅವಕಾಶ. ಐದನೇ ಕೋಣೆಯಲ್ಲಿ ಅವರು ಮಲಗಿದ್ದರು, ಹೊಟ್ಟೆ ಹಿಡಿದುಕೊಂಡು, ಹುಬ್ಬು ಗಂಟಿಕ್ಕಿಕೊಂಡು. ಕಾಮಾಲೆ ಇದೆಯಾ ಅಂತ ಕಣ್ಣು ನೋಡೋಣ ಅಂದುಕೊಂಡು ಜೇಬಿಗೆ ಕೈ ಹಾಕಿದರೆ ಟಾರ್ಚಿಲ್ಲ.

"ಎಲ್ಲಿ ಹಾಳಾಗಿ ಹೋಯ್ತೋ ಈ ಮನೆಹಾಳು ಟಾರ್ಚು!" ಅಂತ ಬಾಯೊಳಗೇ ಕನ್ನಡದಲ್ಲಿ ಗೊಣಗಿದೆ.

ರೋಗಿಯ ತುಟಿ ಎಡಗಡೆ ಒಂಚೂರು ಅದುರಿತು. ಆಮೇಲೆ ಎಡಗೆನ್ನೆ. ಬಲಗಡೆ ಅಲ್ಲಾಡಲೇ ಇಲ್ಲ. ನಾನು ಬಗ್ಗಿ, "ಸ್ವಲ್ಪ ನಗಿ ನೋಡೋಣ" ಅಂದೆ. ಅವರು ತುಟಿ ಇನ್ನೂ ಬಿಗಿಯಾಗಿ ಕಚ್ಚಿಕೊಂಡರು, ಕಣ್ಣಲ್ಲಿ ನೀರು ತುಂಬಿಕೊಂಡಿತು. ನನ್ನ ಒಂಬತ್ತು ವರ್ಷದ ಅನುಭವ ಎದ್ದು ಕೂತಿತು. ಪರೀಕ್ಷಕರ ಕಡೆ ತಿರುಗಿ, "ಮುಖದ ಬಲಗಡೆ ಶಕ್ತಿ ಇಲ್ಲ. ಪಾರ್ಶ್ವವಾಯು. ಈಗಲೇ ತಲೆ ಸ್ಕ್ಯಾನ್ ಆಗಬೇಕು" ಅಂತ ಘೋಷಿಸಿದೆ. ಪರೀಕ್ಷಕರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ಸಂಜೆ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ಯಾರೋ ಬಾಳೆಹಣ್ಣು ಸುಲಿಯುತ್ತಿದ್ದರು.

"ಡಾಕ್ಟ್ರೆ, ಟಾರ್ಚು ಸಿಕ್ತಾ?"

ಕನ್ನಡ! ತಿರುಗಿ ನೋಡಿದರೆ ಅದೇ ಮುಖ. ಎರಡೂ ಕಡೆ ಚೆನ್ನಾಗಿ ಅಲ್ಲಾಡುತ್ತಿರುವ ಮುಖ. ಕೋಪ ನೆತ್ತಿಗೇರಿತು.

"ನೀವು... ನೀವು ನಗು ತಡ್ಕೊಳ್ತಿದ್ರಾ?"

"ಏನ್ ಮಾಡ್ಲಿ? ಏಳು ವರ್ಷ ಆಯ್ತು, ಆ ಕೋಣೇಲಿ ಯಾರೂ ಕನ್ನಡದಲ್ಲಿ ಬೈದಿರ್ಲಿಲ್ಲ."

"ಫೇಲಾದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ."

"ಬಿಡಬೇಡಿ" ಅಂದರು, ಬಸ್ ಟಿಕೆಟ್ಟಿನ ಹಿಂದೆ ಒಂದು ಕನ್ನಡಕದ ಅಂಗಡಿಯ ವಿಳಾಸ ಬರೆದುಕೊಟ್ಟರು. "ವಾರದಲ್ಲಿ ನಾಲ್ಕು ದಿನ ಇಲ್ಲಿ ಲೆನ್ಸ್ ಉಜ್ಜುತ್ತೀನಿ. ಎರಡು ದಿನ ರೋಗಿ. ಭಾನುವಾರ ಮನುಷ್ಯ."

ಎರಡೇ ಅಂಕದಲ್ಲಿ ಫೇಲಾದೆ. ರಿಸಲ್ಟ್ ಕಾಗದ ಹಿಡಿದುಕೊಂಡು ಜಗಳಕ್ಕೆ ಅಂತಲೇ ಅಂಗಡಿಗೆ ಹೋದೆ. ಅವರು ಕಾಗದ ಓದಿದರು, ಮುಖ ಹುಳ್ಳಗೆ ಮಾಡಿಕೊಂಡರು. ಬೈಯೋಕೆ ಅಂತ ಕೂಡಿಟ್ಟುಕೊಂಡು ಹೋಗಿದ್ದ ಮಾತೆಲ್ಲ ನನಗೆ ಮರೆತೇ ಹೋಯಿತು.

"ನಿಮ್ಮ ಮುಂದಿನ ಪರೀಕ್ಷೆ ಯಾವತ್ತು?"

"ಒಂಬತ್ತನೇ ತಾರೀಕು, ಮೂರು ತಿಂಗಳಿಗೆ. ಅದೇ ಕೊನೇದು."

ಮಾರನೇ ದಿನವೇ ಅವರು ಪರೀಕ್ಷಾ ಕಚೇರಿಗೆ ಹೋಗಿ, ಒಂಬತ್ತನೇ ತಾರೀಕು ದಾಟುವ ತನಕ ತಮಗೆ ಕೆಲಸ ಬೇಡ ಅಂತ ಬರೆದುಕೊಟ್ಟು ಬಂದರು. ಪರೀಕ್ಷೆಯ ರೋಗಿಗಳು ಅಭ್ಯರ್ಥಿಗಳಿಗೆ ಹೇಳಿಕೊಡಬಾರದು ಅನ್ನೋದು ನಿಯಮ. "ಈಗ ನಾನು ರೋಗಿ ಅಲ್ಲ. ಭಾನುವಾರ ಬನ್ನಿ" ಅಂದರು.

ಭಾನುವಾರ ಅಂಗಡಿ ಮುಚ್ಚಿರುತ್ತಿತ್ತು. ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವ ಯಂತ್ರ, ಫ್ರೇಮುಗಳ ಪೆಟ್ಟಿಗೆ, ಒಂದು ಬೆಂಚು. ಅಡುಗೆಮನೆಯ ಟೈಮರ್ ಎಂಟು ನಿಮಿಷಕ್ಕೆ ತಿರುಗಿಸಿಟ್ಟು ಅವರು ಮಲಗುತ್ತಿದ್ದರು. ಒಂದು ವಾರ ಎದೆನೋವು, ಒಂದು ವಾರ ಉಬ್ಬಸ, ಒಂದು ವಾರ ಗಂಡ ಸತ್ತ ಮುದುಕಿ. ಆ ಮುದುಕಿಯನ್ನು ನೋಡಿ ನಾನು ನಿಜವಾಗಿಯೂ ಅತ್ತುಬಿಟ್ಟೆ. ಅದರ ಮುಂದಿನ ವಾರ ಕಾಲುನೋವು.

"ಡಾಕ್ಟ್ರೆ, ನೀವು ಬಹಳ ಅವಸರ ಮಾಡ್ತೀರಿ. ನೂರಿಪ್ಪತ್ತು ಜನ ಹೊರಗೆ ಕಾಯ್ತಿಲ್ಲ. ನಾನೊಬ್ಬನೇ ಇರೋದು."

"ರೂಢಿ ಕಣ್ರೀ, ಏನ್ ಮಾಡ್ಲಿ."

"ಸ್ವಲ್ಪ ಕೂತ್ಕೊಳ್ಳಿ. ನನ್ನ ಮುಖ ನೋಡಿ. ಅಷ್ಟೇನೂ ಕೆಟ್ಟದಾಗಿಲ್ಲ."

ನೋಡಿದೆ. ಕೆಟ್ಟದಾಗಿರಲಿಲ್ಲ. ಎಡಹುಬ್ಬಿನ ಕೊನೆಯಲ್ಲಿ ಒಂದು ಪುಟ್ಟ ಮಚ್ಚೆ, ನಗುವ ಮೊದಲೇ ನಗುವ ಕಣ್ಣು. ಕೆಲಸ ನೆನಪಾಗಿ ಥಟ್ಟನೆ ಕೈ ಹಿಡಿದು ನಾಡಿ ಎಣಿಸಿದೆ.

"ನೂರಾ ನಾಲ್ಕಿದೆ. ಕಾಲುನೋವಿನ ರೋಗಿಗೆ ಇಷ್ಟು ಇರಬಾರದಲ್ಲ?"

"ಅದು ಕಾಲುನೋವಿಂದಲ್ಲ ಡಾಕ್ಟ್ರೆ."

"ಮತ್ತೆ? ಥೈರಾಯ್ಡ್ ಟೆಸ್ಟ್ ಮಾಡಿಸಿದ್ದೀರಾ?"

ಮನೆಗೆ ಬಂದು ಅಕ್ಕನ ಹತ್ತಿರ ಹೇಳಿದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಥೈರಾಯ್ಡಂತೆ! ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೇ? ಭಾನುವಾರ ಬಂದ್ರೆ ನೀನು ಮೂರು ಸಲ ಸೀರೆ ಬದಲಾಯಿಸ್ತೀಯ. ಕಾಲುನೋವಿನ ರೋಗಿ ನೋಡೋಕೆ ಸೀರೆ ಯಾಕೇ?" ನಾನು ಸಿಡಿಮಿಡಿಗೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕನ್ನಡಿಯಲ್ಲಿ ನನ್ನ ಮುಖ ನೋಡಿ ನನಗೇ ನಾಚಿಕೆಯಾಯಿತು.

ಪರೀಕ್ಷೆಗೆ ಮೂರು ವಾರ ಇದ್ದಾಗ ನಾನು ಅರ್ಜಿ ಹಾಕಿದ್ದ ದೊಡ್ಡಾಸ್ಪತ್ರೆಯೊಂದರಿಂದ ಪತ್ರ ಬಂತು. ಎದೆರೋಗದ ವಾರ್ಡಿನಲ್ಲಿ ಒಂದು ಜಾಗ ಇದೆ, ಮುಂದಿನ ತಿಂಗಳ ಕೊನೆಯೊಳಗೆ ಲೈಸೆನ್ಸ್ ತಂದರೆ ನಿಮ್ಮದೇ. ಅದೇ ತಿಂಗಳ ಕೊನೆಗೆ ನನ್ನ ವೀಸಾನೂ ಮುಗಿಯುತ್ತಿತ್ತು. ಪಾಸಾದರೆ ಎಲ್ಲ ಇದೆ, ಫೇಲಾದರೆ ಪೆಟ್ಟಿಗೆ ಕಟ್ಟಬೇಕು. ಆ ವಾರವೆಲ್ಲ ನನ್ನ ಕಣ್ಣಿಗೆ ನಿದ್ದೆ ಹತ್ತಲಿಲ್ಲ.

ಆ ಭಾನುವಾರ ಬೆಂಚಿನ ಮೇಲೆ ನಾನೇ ಕೂತುಬಿಟ್ಟೆ. ನಾಚಿಕೆ ಬಿಟ್ಟು ಕೇಳಿದೆ. "ನಿಮಗೆ ಆ ಕಚೇರೀಲಿ ಎಲ್ರೂ ಗೊತ್ತು. ಈ ಸಲ ಯಾವ್ಯಾವ ಕೇಸ್ ಇಡ್ತಾರೆ, ಒಂದೇ ಒಂದು ಹೇಳ್ರೀ."

ಅವರು ಟೈಮರ್ ಕೆಳಗಿಟ್ಟರು. "ಅದೊಂದು ಕೇಳಬೇಡಿ."

"ನಿಮಗೇನ್ರೀ! ಎಂಟು ನಿಮಿಷ ನರಳಿ ಮನೆಗೆ ಹೋಗ್ತೀರಿ. ಬೀದಿಗೆ ಬೀಳೋಳು ನಾನು. ಮೊದ್ಲು ಫೇಲ್ ಮಾಡಿಸಿದ್ದೂ ನೀವೇ!"

"ನಾಳೆ ನಿಮ್ಮ ಮುಂದೆ ನಿಜವಾದ ರೋಗಿ ಮಲಗಿರ್ತಾರೆ. ಆಗ ಯಾರು ಹೇಳಿಕೊಡ್ತಾರೆ?" ಧ್ವನಿ ಮೆತ್ತಗೇ ಇತ್ತು. ಅದೇ ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅವರು ಹೇಳಿದ್ದು ಸರಿ ಅಂತ ಗೊತ್ತಿದ್ದರಿಂದಲೇ ಇನ್ನೂ ನಾಲ್ಕು ಕೆಟ್ಟ ಮಾತಾಡಿ ಎದ್ದು ಬಂದೆ. ಆಮೇಲೆ ಫೋನ್ ಬಂದರೂ ಎತ್ತಲಿಲ್ಲ.

ಒಂಬತ್ತನೇ ತಾರೀಕಿಗೆ ವೃದ್ಧಾಶ್ರಮದವರು ರಜೆ ಕೊಡಲಿಲ್ಲ. ಕಚೇರಿಯವರ ಕೈಕಾಲು ಹಿಡಿದು ಪರೀಕ್ಷೆಯನ್ನು ಹದಿನಾರಕ್ಕೆ ಹಾಕಿಸಿಕೊಂಡೆ. ನನ್ನ ಭಾನುವಾರದ ರೋಗಿಗೆ ಹೇಳಲಿಲ್ಲ. ಹೇಳೋಕೆ ನಮ್ಮ ನಡುವೆ ಮಾತೆಲ್ಲಿತ್ತು?

ಹದಿನಾರು. ಎಂಟು ಕೋಣೆ ದಾಟಿದೆ. ಅವಸರ ಮಾಡಲಿಲ್ಲ, ಕೂತೆ, ಮುಖ ನೋಡಿದೆ. ಎಲ್ಲ ಸುಸೂತ್ರವಾಗಿ ಹೋಗುತ್ತಿತ್ತು. ಒಂಬತ್ತನೇ ಕೋಣೆಯ ಗಂಟೆ ಹೊಡೆಯಿತು, ಬಾಗಿಲು ತೆರೆದೆ.

ಹೆಗಲ ಮೇಲೆ ಕಂಬಳಿ ಹೊದ್ದು ಅವರು ಕೂತಿದ್ದರು.

ಅವರ ಬಣ್ಣವೇ ಇಳಿದುಹೋಯಿತು. ಬೆಳಿಗ್ಗೆ ಏಳಕ್ಕೆ ಕಚೇರಿಯವರು ಫೋನ್ ಮಾಡಿದ್ದರಂತೆ, ಒಬ್ಬ ನಟನಿಗೆ ನಿಜವಾಗಲೂ ಜ್ವರ, ನೀವು ಬನ್ನಿ ಅಂತ. ನನ್ನ ಪರೀಕ್ಷೆ ಮುಗಿದು ವಾರವಾಯಿತು ಅಂದುಕೊಂಡು ಬಂದಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಅಲ್ಲಿ ಗೊತ್ತಿದ್ದದ್ದು ನಿಯಮ ಒಂದೇ. ರೋಗಿ ಪರಿಚಯದವರಾದರೆ ತಕ್ಷಣ ಹೇಳಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಶಾಶ್ವತ ನಿಷೇಧ. ಹೇಳಿದರೆ ಏನಾಗುತ್ತೆ ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ. ಸುಮ್ಮನಿದ್ದರೆ ಯಾರಪ್ಪನ ಗಂಟು ಹೋಗುತ್ತೆ? ಅವರ ಕೆಮ್ಮೂ ನನಗೆ ಗೊತ್ತು, ಉಬ್ಬಸವೂ ಗೊತ್ತು. ಇನ್ನು ನಾಲ್ಕೇ ಕೋಣೆ.

"ಡಾಕ್ಟರ್, ಮೂರು ದಿನದಿಂದ ಕೆಮ್ಮು" ಅಂದರು ಅವರು, ಇಲ್ಲಿನ ಭಾಷೆಯಲ್ಲಿ. ಧ್ವನಿ ನಡುಗುತ್ತಿತ್ತು. ಅಷ್ಟು ವರ್ಷದ ನಟ, ಒಂದು ಸಾಲು ನೆಟ್ಟಗೆ ಹೇಳೋಕಾಗಲಿಲ್ಲ.

ಸ್ಟೆತಸ್ಕೋಪು ಕೆಳಗಿಟ್ಟೆ. ಒಂದು ಕೇಸ್ ಹೇಳಿ ಅಂದರೆ ಹೇಳದ ಮನುಷ್ಯ, ನಾನು ಉಳಿಯಲಿ ಅಂತ ಈಗ ಸುಳ್ಳಿಗೆ ಕೂತಿದ್ದಾರೆ. ಇವರನ್ನು ಹೀಗೆ ಮಾಡಿ ನಾನು ಯಾವ ಡಾಕ್ಟರಾಗಲಿ?

"ಸರ್," ಅಂದೆ ಪರೀಕ್ಷಕರಿಗೆ, "ಇವರು ನನಗೆ ಗೊತ್ತು."

ನಮ್ಮಿಬ್ಬರನ್ನೂ ಬೇರೆ ಬೇರೆ ಕೋಣೆಗೆ ಕರೆದುಕೊಂಡು ಹೋಗಿ ಒಂದೊಂದು ಹೇಳಿಕೆ ಬರೆಸಿಕೊಂಡರು. ಆ ಕೋಣೆಯ ಪರೀಕ್ಷೆಯನ್ನು ನಾಲ್ಕು ಗಂಟೆಗೆ ಬೇರೆ ರೋಗಿಯ ಮೇಲೆ ಮಾಡಿಸಿದರು. ವಿಚಾರಣೆ ಮುಗಿಯುವ ತನಕ ರಿಸಲ್ಟ್ ಇಲ್ಲ, ಇಬ್ಬರೂ ಒಬ್ಬರಿಗೊಬ್ಬರು ಮಾತಾಡಕೂಡದು ಅಂತ ಆಜ್ಞೆ. ಹತ್ತು ದಿನ. ಅಕ್ಕ ತಂದಿಟ್ಟ ತಟ್ಟೆಯನ್ನು ಹಾಗೇ ಫ್ರಿಜ್ಜಿಗೆ ಸೇರಿಸುತ್ತಿದ್ದೆ. ಲೈಸೆನ್ಸಿಗೆ ಅಳ್ತೀನೋ, ಅವರಿಗೆ ಅಳ್ತೀನೋ ನನಗೇ ತಿಳಿಯುತ್ತಿರಲಿಲ್ಲ.

ಹನ್ನೊಂದನೇ ದಿನ ಕರೆ ಬಂತು. ಉದ್ದ ಮೇಜು, ಆ ಕಡೆ ಒಬ್ಬರು ಹಿರಿಯ ಅಧಿಕಾರಿ ಹೆಂಗಸು, ಈ ಕಡೆ ನಾವಿಬ್ಬರು. ನಡುವೆ ಒಂದು ಖಾಲಿ ಕುರ್ಚಿ. ಅವರು ಸೊರಗಿದ್ದರು. ನಾನು ನೋಡಿದರೆ ನೆಲ ನೋಡುತ್ತಿದ್ದರು.

"ನಿಮ್ಮ ಹೇಳಿಕೆಗಳು ಎರಡು ಕಡೆ ತಾಳೆ ಆಗ್ತಿಲ್ಲ" ಅಂದರು ಅಧಿಕಾರಿ. "ಮೊದಲನೆಯದು. ಪ್ರಶ್ನೆಗಳ ಬಗ್ಗೆ ಮಾತು ಬಂದೇ ಇಲ್ಲ ಅಂತ ಇವರು ಬರೆದಿದ್ದಾರೆ. 'ನಾನು ಕೇಳಿದೆ, ಅವರು ಹೇಳಲಿಲ್ಲ, ತಪ್ಪು ನನ್ನದು' ಅಂತ ನೀವು ಬರೆದಿದ್ದೀರಿ. ಯಾವುದು ನಿಜ?"

"ನನ್ನದು" ಅಂದೆ.

"ಮೇಡಂ, ಅವರು ಭಯದಲ್ಲಿ ಏನೋ..." ಅಂತ ಇವರು ಶುರುಮಾಡಿದರು.

"ನೀವು ಸುಮ್ನಿರ್ರೀ!" ಅಂತ ಕನ್ನಡದಲ್ಲೇ ಗದರಿದೆ.

ಅಧಿಕಾರಿ ಏನೋ ಗುರುತು ಹಾಕಿಕೊಂಡರು. "ಕೇಳಿದ್ದಕ್ಕೆ ನಿಮ್ಮ ಫೈಲಿಗೆ ಎಚ್ಚರಿಕೆ ಪತ್ರ ಸೇರುತ್ತೆ" ಅಂದು ಅವರ ಕಡೆ ತಿರುಗಿದರು. "ಹೇಳಿಕೊಟ್ಟದ್ದನ್ನು ಮುಚ್ಚಿಟ್ಟು, ಮೇಲೆ ಸುಳ್ಳೂ ಬರೆದದ್ದಕ್ಕೆ ನಿಮಗೆ ಇಲ್ಲಿ ಇನ್ನು ಕೆಲಸ ಇಲ್ಲ." ಅವರು ತಲೆಯಾಡಿಸಿದರು. ಅದನ್ನು ನಿರೀಕ್ಷಿಸಿಯೇ ಬಂದಿದ್ದರು ಅಂತ ಕಾಣುತ್ತೆ.

"ಎರಡನೆಯದು. 'ಅಭ್ಯರ್ಥಿಗೂ ನಿಮಗೂ ಏನು ಸಂಬಂಧ' ಅನ್ನೋ ಜಾಗದಲ್ಲಿ ಇವರು 'ಮುಖಪರಿಚಯ' ಅಂತ ಬರೆದಿದ್ದಾರೆ. 'ರೋಗಿಗೂ ನಿಮಗೂ' ಅನ್ನೋ ಜಾಗದಲ್ಲಿ ನೀವು..." ಕನ್ನಡಕ ಸರಿಮಾಡಿಕೊಂಡು ಓದಿದರು. "'ಇವರನ್ನು ನಾನು ಪ್ರೀತಿಸುತ್ತೇನೆ. ಇವರಿಗೆ ಇನ್ನೂ ಹೇಳಿಲ್ಲ.'"

ನನ್ನ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಕುರ್ಚಿ ಕಿರ್ರ್ ಅಂದಿತು.

"ಹೇಳಿದ್ದೀರಾ?"

"ಮಾತಾಡಬಾರದು ಅಂತ ನೀವೇ ಅಂದ್ರಲ್ಲ ಮೇಡಂ."

"ಈಗ ಮಾತಾಡಬಹುದು."

ತಿರುಗಿದೆ. ಎಷ್ಟೋ ರೋಗಿಗಳಿಗೆ ಒಳ್ಳೆಯದು ಕೆಟ್ಟದ್ದು ಎಲ್ಲ ನೆಟ್ಟಗೆ ಹೇಳಿದವಳು, ಆವತ್ತು ಉಗುಳು ನುಂಗಿದೆ.

"ನೋಡ್ರೀ," ಅಂದೆ, "ನನ್ನ ಬಾಯಿ ಕೆಟ್ಟದ್ದು. ಆವತ್ತು ಅಂದಿದ್ದೆಲ್ಲ ಕ್ಷಮಿಸಿ. ನಿಮ್ಮನ್ನ ನೋಡದೆ ಒಂದು ಭಾನುವಾರಾನೂ ನನಗೆ ಸರಿಹೋಗ್ಲಿಲ್ಲ. ಇಲ್ಲಿ ಉಳಿದ್ರೂ, ಪೆಟ್ಟಿಗೆ ಕಟ್ಟಿದ್ರೂ, ನನಗೆ ನೀವು ಬೇಕು."

ದುಡ್ಡು ಕೊಟ್ಟರೆ ಗಳಗಳ ಅಳುತ್ತಿದ್ದ ಮನುಷ್ಯ. ಈಗ ಕಣ್ಣು ಒರೆಸಿಕೊಳ್ಳಲೂ ತೋಚದೆ ಕೂತಿದ್ದರು. ಅಧಿಕಾರಿಗೆ ಕನ್ನಡ ಬರುವುದಿಲ್ಲ. ಆದರೂ ಎಲ್ಲ ತಿಳಿದವರ ಹಾಗೆ ಅವರ ಹೇಳಿಕೆಯನ್ನೂ ಪೆನ್ನನ್ನೂ ಅವರ ಮುಂದೆ ತಳ್ಳಿದರು.

ಅವರು 'ಮುಖಪರಿಚಯ' ಹೊಡೆದುಹಾಕಿದರು. ಅದರ ಕೆಳಗೆ ಬರೆದದ್ದನ್ನು ನಾನು ಬಗ್ಗಿ ಓದಿದೆ. "ಮೂರು ತಿಂಗಳಿಂದ ಇವರನ್ನು ಬಿಟ್ಟು ನನಗೆ ಬೇರೆ ಯೋಚನೆ ಇಲ್ಲ. ಇವರ ಪರೀಕ್ಷೆ ಕೆಡಬಾರದು ಅಂತ ಹೇಳಿರಲಿಲ್ಲ. ಇವರು ಒಪ್ಪಿದರೆ ಮದುವೆಯಾಗುತ್ತೇನೆ."

ನಡುವಿನ ಖಾಲಿ ಕುರ್ಚಿ ದಾಟಿ ಅವರ ಕೈ ಬಂತು. ನಾನು ಹಿಡಿದುಕೊಂಡೆ, ಗಟ್ಟಿಯಾಗಿ.

"ಈಗ ತಾಳೆ ಆಯ್ತು" ಅಂತ ಅಧಿಕಾರಿ ಎರಡಕ್ಕೂ ಸಹಿ ಹಾಕಿದರು. ಆಮೇಲೆ ಫೈಲಿನ ಕೆಳಗಿಂದ ಇನ್ನೊಂದು ಕಾಗದ ತೆಗೆದು ನನ್ನ ಕಡೆ ಚಾಚಿದರು. "ಹನ್ನೆರಡು ಕೋಣೆಯಲ್ಲೂ ಪಾಸು. ಲೈಸೆನ್ಸು ನಾಡಿದ್ದು ಆಸ್ಪತ್ರೆಗೆ ತಲುಪುತ್ತೆ. ಅಭಿನಂದನೆ, ಡಾಕ್ಟರ್."

ಎರಡು ವರ್ಷ ಆ ಕಾಗದಕ್ಕೋಸ್ಕರ ಬಾಯಿ ಬಿಟ್ಟುಕೊಂಡು ಕಾದವಳು ನಾನು. ಎಡಗೈಯಲ್ಲಿ ಏನೂ ತಗೋಬಾರದು ಅಂತ ಅಮ್ಮ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಳು. ಬಲಗೈ ಅವರ ಕೈಯಲ್ಲಿತ್ತು, ಬಿಡೋಕೆ ಮನಸ್ಸು ಬರಲಿಲ್ಲ. ಎಡಗೈಯಲ್ಲೇ ತಗೊಂಡೆ.