ಕಪ್ಪಿನ ಮೇಲೊಂದು ಬೆಳ್ಳಿಪದರ

"ನಿಲ್ಲಿಸಿ! ಅದನ್ನ ತಿನ್ನರ್‌ನಲ್ಲಿ ಒರೆಸಬೇಡಿ!"

ಸೇಲಂನ ಸೂರಮಂಗಲದ ಆ ಸ್ಕೂಟರ್ ಪೇಂಟಿಂಗ್ ಅಂಗಡಿಯಲ್ಲಿ, ಕಂಪ್ರೆಸರ್‌ನ ಗದ್ದಲವನ್ನೂ ಮೀರಿ ಸುಪ್ರಜಾಳ ದನಿ ಮೊಳಗಿತು. ಗಾಬರಿಯಲ್ಲಿ ಅವಳ ಬಾಯಿಂದ ಬಂದದ್ದು ತಮಿಳಲ್ಲ, ಮನೆಯ ಕನ್ನಡ!

ಒದ್ದೆ ಬಟ್ಟೆ ಹಿಡಿದಿದ್ದ ಯುವಕನ ಕೈ ಅಲ್ಲೇ ನಿಂತಿತು. ಅವನ ಇನ್ನೊಂದು ಕೈಯಲ್ಲಿ ಗೇಣುದ್ದದ ಪ್ಲಾಸ್ಟಿಕ್ ರೋಬೋಟ್. ನೀಲಿ ಮೈ, ಕೆಂಪು ಕೈಗಳು. ಬಟ್ಟೆ ಒಮ್ಮೆ ತಾಗಿದ ಬೆನ್ನಿನ ಮೇಲೆ ಪ್ಲಾಸ್ಟಿಕ್ ಆಗಲೇ ಮೆತ್ತಗಾಗಿ ಅಂಟಂಟಾಗಿತ್ತು.

"ಅಯ್ಯೋ... ಓಯ್ತು!" ಎಂದು ಅವನು ಗೊಣಗಿದ.

ಸುಪ್ರಜಾ ಬೆರಗಾದಳು. "ನೀವೂ ಕನ್ನಡದವರಾ?"

"ನಲ್ಲಂಪಳ್ಳಿ ಅತ್ರ ನಮ್ಮೂರು. ಮನೇಲಿ, ಒಲದಲ್ಲಿ ಕನ್ನಡ. ಇಸ್ಕೂಲಲ್ಲಿ ತಮಿಳು. ಬಯ್ಯೋಕೆ ಎರಡೂ ಐತೆ." ಅವನು ತಲೆ ತಗ್ಗಿಸಿದ. "ಕ್ಷಮಿಸ್ಬುಡಿ. ನಾನು ಒರೆಸೋದು ಸ್ಕೂಟರ್ ಬಾಡಿ. ಅದಕ್ಕೆ ತಿನ್ನರ್ ಏನೂ ಮಾಡಲ್ಲ."

"ಸ್ಕೂಟರ್ ತಗಡು, ಇದು ಪ್ಲಾಸ್ಟಿಕ್. ತಿನ್ನರ್ ಇದನ್ನ ಕರಗಿಸಿಬಿಡತ್ತೆ. ಬಿ.ಎಸ್ಸಿ. ಕೆಮಿಸ್ಟ್ರಿ ನಾನು!"

"ಓಹೋ... ಲ್ಯಾಬಮ್ಮ!"

ಎಷ್ಟು ಧೈರ್ಯ! ಸಿಟ್ಟಿನಿಂದ ನೋಡಲೆತ್ತಿದ ಕಣ್ಣು, ಅವನ ಕೆನ್ನೆಗೆ ಹಾರಿದ್ದ ಬಣ್ಣದ ಚುಕ್ಕೆಗಳ ಮೇಲೆ ಒಂದು ಕ್ಷಣ ಹೆಚ್ಚಾಗಿಯೇ ನಿಂತಿತು.

ಅವನ ಹೆಸರು ಅಶ್ವತ್ಥ್.

ಅದು ತೊಂಬತ್ತಾರನೆಯ ಇಸವಿಯ ಸೆಪ್ಟೆಂಬರ್ ಕೊನೆ. ನವರಾತ್ರಿಯ ಕೊಲುವಿಗೆ ಎರಡು ವಾರಗಳಷ್ಟೇ ಉಳಿದಿದ್ದವು. ಮೆಟ್ಟಿಲುಗಳ ಮೇಲೆ ಗೊಂಬೆ ಜೋಡಿಸುವ ಆ ಹಬ್ಬಕ್ಕೆ ಪ್ರತಿವರ್ಷ ಒಂದಾದರೂ ಹೊಸ ಗೊಂಬೆ ಸೇರಬೇಕೆಂಬುದು ಸುಪ್ರಜಾಳ ಮನೆಯ ಪದ್ಧತಿ. ಶಾಲೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಅವಳಿಗೆ, ಈ ಸಲ ಮೆಟ್ಟಿಲುಗಳ ಕೆಳಗೊಂದು ಉಕ್ಕಿನ ಕಾರ್ಖಾನೆ ಕಟ್ಟಿ, ಅದರ ಬಾಗಿಲಿಗೆ ತನ್ನ ಬಾಲ್ಯದ ರೋಬೋಟನ್ನು ಕಾವಲು ನಿಲ್ಲಿಸುವ ಆಸೆ.

"ಬಕೀಟಿಗೆ ಕೈಕಾಲು ಬಂದ ಹಾಗಿದೆಯಲ್ಲೇ!" ಎಂದು ನಕ್ಕಿದ್ದರು ಅಜ್ಜಿ ಭಾಮಾಬಾಯಿ.

ಅದಕ್ಕೇ ಅವಳು ಹಟ ಹಿಡಿದಳು. ಅದು ಕಬ್ಬಿಣದಂತೆ ಕಾಣಲೇಬೇಕು!

ಮರುದಿನದಿಂದ ಶಾಲೆ ಮುಗಿದ ಕೂಡಲೇ ಅವಳು ಅಂಗಡಿಗೆ ಬರತೊಡಗಿದಳು. ಸೋಪಿನ ನೀರಲ್ಲಿ ರೋಬೋಟಿಗೆ ಸ್ನಾನವಾಯಿತು. ಕರಗಿದ ಬೆನ್ನಿಗೆ ಅಶ್ವತ್ಥ್ ಪುಟ್ಟಿಯ ಹಿಟ್ಟು ಮೆತ್ತಿ ತಗ್ಗು ತುಂಬಿ, ನುಣ್ಣನೆಯ ಮರಳುಕಾಗದದಿಂದ ಉಜ್ಜಿದ. ಪ್ರತಿಯೊಂದು ಹಂತವನ್ನೂ ಅವಳು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದುಕೊಂಡಳು.

"ಬಣ್ಣದಲ್ಲೂ ತಿನ್ನರ್ ಇರತ್ತಲ್ಲ? ಆಗ ಕರಗಲ್ವಾ?"

"ದೂರದಿಂದ, ಮಂಜು ಬಿದ್ದಂಗೆ ಒಡೀತೀನಿ. ಮೈಗೆ ಕೂರೋ ಅಷ್ಟರಲ್ಲಿ ಅದು ಆರೋಗಿರ್ತೈತೆ. ಇದನ್ನೂ ಬರ್ಕೊಳ್ತೀರಾ, ಲ್ಯಾಬಮ್ಮಾ?"

"ಬರ್ಕೊಂಡೆ."

"ನಾನು ನಕ್ಕಿದ್ದು?"

"ಅದನ್ನ... ಬರೀಬೇಕಾಗಿಲ್ಲ." ಅವಳ ಕಿವಿ ಬಿಸಿಯಾಯಿತು. ಅದು ಬರೆಯದಿದ್ದರೂ ನೆನಪಿರುತ್ತದಲ್ಲ!

ಅಂಗಡಿಯ ಮಾಲೀಕ ಪಳನಿಯಪ್ಪನ್ ಕೆಮ್ಮಿದರು. "ಅಶ್ವತ್ತು, ಒರು ಬೊಮ್ಮೈಕ್ಕು ಒರು ವಾರಮಾ?"

ಒಂದು ಗೊಂಬೆಗೆ ಒಂದು ವಾರವೇ? ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಆ ಬುಧವಾರ ಸಂಜೆ ಅವಳು ಹೊರಟಾಗ ಅಶ್ವತ್ಥ್ ಹೇಳಿದ, "ನಾಳೆ ಬನ್ನಿ. ಒಂದು ಮ್ಯಾಜಿಕ್ ತೋರಿಸ್ತೀನಿ."

ಆದರೆ ಹೊರಗೆ, ತಮ್ಮ ಸ್ಕೂಟರಿನ ಪಕ್ಕದಲ್ಲಿ, ಅವಳ ತಂದೆ ಮಧ್ವರಾಜರು ನಿಂತಿದ್ದರು. ಬ್ಯಾಂಕಿನಿಂದ ಮನೆಗೆ ಹೋಗುವ ದಾರಿ ಅದು.

"ಯಾರಮ್ಮಾ ಆ ಹುಡುಗ? ಅಷ್ಟು ಹೊತ್ತು ಏನು ಮಾತು?"

"ಯಾರೂ ಅಲ್ಲ ಅಪ್ಪ... ಪೇಂಟ್ ಹೊಡೆಯೋನು, ಅಷ್ಟೇ."

ಹಿಂದೆ ಹೆಜ್ಜೆಯ ಸದ್ದಾಯಿತು. ಅವಳು ಮರೆತಿದ್ದ ನೋಟ್‌ಬುಕ್ಕನ್ನು ಹಿಡಿದು ಅಶ್ವತ್ಥ್ ನಿಂತಿದ್ದ.

"ನಿಮ್ಮ ಬುಕ್ಕು... ಮೇಡಂ."

ಮೇಡಂ! ಆ ಒಂದು ಪದ ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಉಳಿಯಿತು.

ಮರುದಿನ, ಕ್ಷಮೆ ಕೇಳಲೇಬೇಕೆಂದು ನಿಶ್ಚಯಿಸಿಕೊಂಡೇ ಅವಳು ಬಂದಳು. ಆದರೆ ತಂತಿಯಲ್ಲಿ ನೇತಾಡುತ್ತಿದ್ದ ರೋಬೋಟನ್ನು ಕಂಡು ಮಾತೇ ಮರೆತುಹೋಯಿತು.

ಕಪ್ಪು... ಅಡಿಯಿಂದ ಮುಡಿಯವರೆಗೆ ಕಡುಗಪ್ಪು!

"ಇದೇನಾ ನಿಮ್ಮ ಮ್ಯಾಜಿಕ್ಕು? ದೇವರ ಮುಂದೆ ಇಡೋ ಗೊಂಬೆಗೆ ಕಪ್ಪು ಬಳಿದಿದೀರಲ್ಲ! ನನ್ನ ಮೇಲಿನ ಕೋಪಾನ ಅದರ ಮೇಲೆ ತೀರಿಸ್ಕೊಂಡ್ರಾ?"

ಅಶ್ವತ್ಥ್‌ನ ಕೈ ರೋಬೋಟನ್ನು ತಂತಿಯಿಂದ ಬಿಚ್ಚಿತು.

"ನಾನು ಪೇಂಟ್ ಒಡೆಯೋನು, ಅಷ್ಟೇ ಅಲ್ವಾ ಮೇಡಂ? ನಂಬಿಕೆ ಇಲ್ದಿದ್ರೆ ತಗೊಂಡೋಗಿ."

ಅವಳು ತೆಗೆದುಕೊಂಡೇ ಹೋದಳು. ಮೆಟ್ಟಿಲಿಳಿಯುವಾಗ ಪಳನಿಯಪ್ಪನ್ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ನಾಮಕ್ಕಲ್‌ನಲ್ಲಿ ಲಾರಿ ಬಾಡಿ ಕಟ್ಟುವವರು ಅಶ್ವತ್ಥ್‌ನನ್ನು ಕರೆದಿದ್ದಾರಂತೆ. ಇಷ್ಟು ದಿನ ಆಗುವುದಿಲ್ಲ ಎನ್ನುತ್ತಿದ್ದವನು ಇವತ್ತು ಒಪ್ಪಿಕೊಂಡನಂತೆ. ಭಾನುವಾರವೇ ಪ್ರಯಾಣ.

'ಹೋಗಲಿ! ನನಗೇನು?' ಎಂದುಕೊಂಡಳು. ಬಸ್ಸಿನ ಕಿಟಕಿ ಮಂಜುಮಂಜಾಗಿ ಕಂಡಿತು.

ಶನಿವಾರ ಬೆಳಗ್ಗೆ ಅಜ್ಜಿ ಆ ಕಪ್ಪು ರೋಬೋಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕೋಪ ಇರೋನು ಬೆರಳ ಸಂದಿಯಲ್ಲೂ ಇಷ್ಟು ನೀಟಾಗಿ ಬಳೀತಾನೇನೇ, ಸುಪ್ಪಿ?"

ಸುಪ್ರಜಾ ರೋಬೋಟನ್ನು ಕೈಗೆ ತೆಗೆದುಕೊಂಡು ನೋಡಿದಳು. ನಿಜ. ಒಂದು ಹನಿ ಇಳಿದಿಲ್ಲ, ಒಂದು ಕಡೆ ದಪ್ಪವಾಗಿಲ್ಲ. ಹಾಗಾದರೆ ಕಪ್ಪು ಏಕೆ? ತಾನು ಆ ಪ್ರಶ್ನೆಯನ್ನು ಅವನಿಗೆ ಕೇಳಲೇ ಇಲ್ಲವಲ್ಲ! ದಿನಾಂಕ ಹಾಕಿ ಎಲ್ಲವನ್ನೂ ಬರೆದವಳು, ಕೇಳಬೇಕಾದುದನ್ನೇ ಕೇಳಲಿಲ್ಲ. ಈ ಕಪ್ಪಿನ ಮೇಲೆ ಇನ್ನೊಂದು ಪದರ ಬರಬೇಕಿತ್ತೇನೋ?

ಅವಳು ಎರಡು ಬಿಳಿ ಸೋಪಿನ ಡಬ್ಬಿಯ ಮುಚ್ಚಳ ತಂದಳು. ಒಂದನ್ನು ಹಾಗೆಯೇ ಬಿಟ್ಟಳು. ಇನ್ನೊಂದಕ್ಕೆ ಕಪ್ಪು ಬಳಿದು ಬಿಸಿಲಲ್ಲಿ ಒಣಗಿಸಿದಳು. ಬಳಿಕ ಮನೆಯ ಗೇಟಿಗೆ ತಂದಿದ್ದ ಬೆಳ್ಳಿಬಣ್ಣವನ್ನು ಎರಡಕ್ಕೂ ಒಂದೇ ಸಮ, ತೆಳುವಾಗಿ ಹಚ್ಚಿದಳು.

ಬಿಳಿಯ ಮೇಲೆ ಬಿದ್ದದ್ದು ಬೂದಿಯಂತೆ ಮಂಕಾಯಿತು. ಕಪ್ಪಿನ ಮೇಲೆ ಬಿದ್ದದ್ದು...

"ಅಯ್ಯೋ, ಇದು ಕಬ್ಬಿಣ ಕಣೇ!" ಎಂದರು ಅಜ್ಜಿ.

ಕಪ್ಪು ಅವಮಾನವಾಗಿರಲಿಲ್ಲ. ಬೆಳ್ಳಿಗೆ ಆಳ ಕೊಡಲು ಅವನು ಹಾಸಿದ ನೆಲವಾಗಿತ್ತು. ಮನಸ್ಸು ನೊಂದ ದಿನವೂ ಅವನು ಅವಳ ರೋಬೋಟಿಗೆ ತನ್ನ ಮ್ಯಾಜಿಕ್ಕನ್ನೇ ಸಿದ್ಧಪಡಿಸುತ್ತಿದ್ದ!

"ಅಜ್ಜಿ... ನಾನು ಎಂಥಾ ದಡ್ಡಿ!"

"ಅಳೋದು ಬಿಟ್ಟು ಓಡು."

ಅಂಗಡಿಯಲ್ಲಿ ಅಶ್ವತ್ಥ್ ತನ್ನ ಸ್ಪ್ರೇ ಗನ್ನನ್ನು ಒರೆಸಿ ಬ್ಯಾಗಿಗೆ ಹಾಕುತ್ತಿದ್ದ. ಅವಳು ಕಪ್ಪು ರೋಬೋಟನ್ನೂ ಎರಡು ಮುಚ್ಚಳಗಳನ್ನೂ ಅವನ ಮುಂದಿಟ್ಟಳು.

ಅವನು ಕಬ್ಬಿಣದಂತೆ ಹೊಳೆಯುತ್ತಿದ್ದ ಮುಚ್ಚಳವನ್ನು ಬೆಳಕಿಗೆ ಹಿಡಿದ. "ಯಾರು ಏಳ್ಕೊಟ್ರು?"

"ಯಾರೂ ಇಲ್ಲ. ಕೇಳೋ ಬುದ್ಧಿ ಇರಲಿಲ್ಲ, ಮಾಡಿ ನೋಡಿ ಕಲಿತೆ." ಅವಳು ಇನ್ನೊಂದು ಹೆಜ್ಜೆ ಮುಂದೆ ಬಂದಳು. "ಅವತ್ತು ಅಪ್ಪನ ಹತ್ರ ಹೇಳಿದ್ದು ಸುಳ್ಳು. ನೀವು ಯಾರೂ ಅಲ್ಲ ಅಂತ... ಹೆದರಿಕೆಯಿಂದ ಅಂದೆ. ನೀವೇ... ನನಗೆ ಎಲ್ಲಾರಿಗಿಂತ ಹೆಚ್ಚು."

ಅಶ್ವತ್ಥ್‌ನ ಕೈಯಿಂದ ಬಟ್ಟೆ ಜಾರಿತು.

"ನಾನೂ ಕಪ್ಪು ಯಾಕೆ ಅಂತ ಒಂದ್ ಮಾತು ಏಳಬೋದಿತ್ತು. ರೋಸ ಬಂದ್ಬುಡ್ತು. ನಾನು ಇಷ್ಟ ಪಟ್ಟೋರೇ ಅಂಗಂದ್ರಲ್ಲಾ ಅಂತ ಅಷ್ಟು ನೋವಾಯ್ತು."

"ನಾಮಕ್ಕಲ್‌ಗೆ... ಹೋಗ್ತೀರಾ?"

"ಮಾತು ಕೊಟ್ಟಿವ್ನಿ, ಓಗ್ಬೇಕು. ಅದೇನು ಸೀಮೆ ಆಚೇನಾ? ಎರಡು ಗಂಟೆ ಬಸ್ಸು. 'ಬಾ' ಅನ್ನೋರು ಇಲ್ಲಿ ಇರ್ಬೇಕಷ್ಟೇ."

"ಇದೀನಿ. ನವರಾತ್ರಿಗೆ ಬನ್ನಿ."

"ಕೊಲುಗೆ ಎಂಗಸ್ರನ್ನ ತಾನೇ ಕರೆಯೋದು?"

"ಗೊಂಬೆ ಮಾಡಿದವರನ್ನೂ ಕರೀತೀವಿ."

ಆ ಮಧ್ಯಾಹ್ನವೇ ಕಪ್ಪಿನ ಮೇಲೆ ಬೆಳ್ಳಿ ಮಂಜಿನಂತೆ ಇಳಿಯಿತು. ಒಣಗಿದ ಮೇಲೆ ಅವಳ ಪೆನ್ಸಿಲನ್ನು ಕೆತ್ತಿ, ಸೀಸದ ಪುಡಿಯನ್ನು ಅಂಚುಗಳಿಗೆ ಬೆರಳಿನಿಂದ ತೀಡಿದರು. ವರ್ಷಗಟ್ಟಲೆ ದುಡಿದು ಸವೆದ ಉಕ್ಕಿನಂತೆ ಅಂಚುಗಳು ಮಿನುಗಿದವು. ಒಂದು ಅಂಚಿನಲ್ಲಿ ಇಬ್ಬರ ಬೆರಳುಗಳೂ ತಾಗಿದವು. ಯಾರೂ ಹಿಂದಕ್ಕೆ ತೆಗೆಯಲಿಲ್ಲ.

ನವರಾತ್ರಿಯ ಮೂರನೆಯ ಸಂಜೆ, ಒಗೆದ ಬಿಳಿ ಷರ್ಟು ತೊಟ್ಟು ಅಶ್ವತ್ಥ್ ಬಾಗಿಲಲ್ಲಿ ನಿಂತಿದ್ದ. ಮಧ್ವರಾಜರು ಕನ್ನಡಕ ಸರಿಪಡಿಸಿಕೊಂಡು ಮಗಳತ್ತ ತಿರುಗಿದರು.

"ಯಾರಮ್ಮಾ ಇವರು?"

ಅದೇ ಪ್ರಶ್ನೆ! ಈ ಸಲ ಸುಪ್ರಜಾಳ ದನಿ ನಡುಗಲಿಲ್ಲ.

"ಅಶ್ವತ್ಥ್ ಅಂತ, ಅಪ್ಪ. ಈ ರೋಬೋಟ್ ಇವರ ಕೈಕೆಲಸ. ನನಗೆ ಇವರು ಇಷ್ಟ."

ಮಧ್ವರಾಜರು ಬಗ್ಗಿ, ಕಾರ್ಖಾನೆಯ ಬಾಗಿಲಲ್ಲಿದ್ದ ಕಾವಲುಗಾರನನ್ನು ಬೆರಳ ಗಂಟಿನಿಂದ ತಟ್ಟಿದರು. 'ಟಕ್' ಎಂದು ಹಗುರವಾದ ಪ್ಲಾಸ್ಟಿಕ್ಕಿನ ಸದ್ದು.

"ಕಬ್ಬಿಣ ಅಂದ್ಕೊಂಡಿದ್ದೆನಲ್ಲಪ್ಪಾ!" ಅವರ ಬಿಗಿದ ಮುಖದಲ್ಲಿ ಒಂದು ಗೆರೆ ಸಡಿಲಾಯಿತು. "ಉಳಿದದ್ದು ಹಬ್ಬ ಆದಮೇಲೆ ಮಾತಾಡೋಣ. ಸುಪ್ರಜಾ, ಅವರಿಗೆ ಕಡಲೆ ಸುಂಡಲ್ ಕೊಡು."

ಸುಂಡಲ್ ಬಟ್ಟಲು ಕೈ ಬದಲಾಗುವಾಗ ಅಶ್ವತ್ಥ್ ಪಿಸುಗುಟ್ಟಿದ.

"ಅಪ್ಪಾರು ಒಪ್ಪುದ್ರಾ?"

"ಮೊದಲನೇ ಕೋಟ್ ಕೂತಿದೆ. ಒಣಗೋವರೆಗೂ ಅವಸರ ಮಾಡಬಾರದು."

"ಎಷ್ಟೊತ್ತು ಕಾಯ್ಬೇಕು, ಲ್ಯಾಬಮ್ಮಾ?"

ಎಷ್ಟು ದಿನಗಳಾಗಿದ್ದವು ಆ ಹೆಸರು ಕೇಳಿ! ಅವಳ ಕಣ್ಣಲ್ಲಿ ದೀಪಗಳೆಲ್ಲ ಕದಡಿದವು.

"ಎಷ್ಟು ಹೊತ್ತಾದರೂ ಸರಿ... ಪಕ್ಕದಲ್ಲೇ ನಾನೂ ಕಾಯ್ತಾ ಇರ್ತೀನಿ."