ಹೊಸ ಲೇತು ಉಕ್ಕಿಸಿದ ನೊರೆ

ಬೆಳಿಗ್ಗೆ ಷಟರ್ ಎತ್ತಿ ಲೇತಿನ ಗುಂಡಿ ಒತ್ತಿದ್ದೇ ತಡ, ವರ್ಕ್‌ಶಾಪಿನ ಯಜಮಾನ ಜುಹೈರ್ ಬೊಬ್ಬೆ ಹಾಕುತ್ತ ಬೀದಿಗೆ ಓಡಿಬಂದ. ನಿನ್ನೆ ತಾನೇ ಬಂದಿಳಿದ, ಉಕ್ಕು ಕಡೆಯುವ ಹೊಸ ಲೇತು ಕಾದ ಹಾಲಿನ ಪಾತ್ರೆಯಂತೆ ಬಿಳಿ ನೊರೆ ಉಕ್ಕಿಸುತ್ತಿತ್ತು! ನೊರೆ ವರ್ಕ್‌ಶಾಪಿನ ನೆಲ ತುಂಬಿ, ಹೊಸ್ತಿಲು ದಾಟಿ, ಸ್ಫಾಕ್ಸ್ ಊರಿನ ಬೀದಿಗೇ ಇಳಿದಿತ್ತು.

ನಾನೂ ನನ್ನ ಹೆಂಡತಿ ತೌಹಿದಾಳೂ ತಲುಪುವಷ್ಟರಲ್ಲಿ ಜಗಳ ತಾರಕಕ್ಕೇರಿತ್ತು. ಊರಿನ ಯಂತ್ರಗಳಿಗೆ ಕಾಯಿಲೆ ಬಂದರೆ ಕರೆಸುವುದು ಅವಳನ್ನೇ. ನಾನು ವ್ಯಾನು ಓಡಿಸುವವನು, ಅವಳ ಪೆಟ್ಟಿಗೆ ಹೊರುವವನು.

“ಇವನೇ! ಬೇರೆ ಯಾರೂ ಅಲ್ಲ!” ಜುಹೈರ್ ಬೆರಳು ತೋರಿಸಿದ್ದು ನೌಫಲ್‌ನತ್ತ. ಲೇತು ನಡೆಸುವವನು, ಮುಂದಿನ ವಾರ ಜುಹೈರನ ತಂಗಿ ರೀಮಾಳ ಗಂಡನಾಗಬೇಕಾದವನು. “ಮದುವೆಗೆ ರಜೆ ಕೇಳ್ದ. ಆಲಿವ್ ಸುಗ್ಗಿ, ಎರಡೇ ದಿನ ಕೊಡ್ತೀನಿ ಅಂದೆ. ಅದಕ್ಕೇ ಸಿಟ್ಟಲ್ಲಿ ಸೋಪು ಕಲಸಿದಾನೆ. ಅವರಪ್ಪಂದು ಸೋಪಿನ ಕಾರ್ಖಾನೆ ತಾನೆ!”

“ನಿಮ್ಮ ಲೇತು ನಾನ್ಯಾಕೆ ಕೆಡಿಸ್ಲಿ ಭಾವ?”

“ಭಾವ ಗೀವ ಅನ್ಬೇಡ! ಸಂಜೆಯೊಳಗೆ ಆಲಿವ್ ಗಾಣದವರಿಗೆ ಶಾಫ್ಟ್ ಕೊಡದಿದ್ರೆ ನನ್ನ ಮಾನ ಹೋಗುತ್ತೆ. ನಿನ್ನ ಮದುವೇನೂ ಅಷ್ಟೇ!”

ಬಾಗಿಲಲ್ಲಿ ನಿಂತಿದ್ದ ರೀಮಾಳ ಮುಖ ಬಿಳಿಚಿತು.

ತೌಹಿದಾ ಒಂದು ಹಿಡಿ ನೊರೆ ಎತ್ತಿ ಮೂಸಿದಳು. “ಕೂಲೆಂಟ್ ಬೆರೆಸಿದ್ದು ಯಾರು?” ಲೋಹ ಕಡೆಯುವಾಗ ಕಾವು ಇಳಿಸಲು ಸುರಿಯುವ ಎಣ್ಣೆ-ನೀರು ಅದು.

“ನಾನೇ ಅಕ್ಕಾ,” ಎಂದ ನೌಫಲ್. “ಮೊದಲು ನೀರು, ಆಮೇಲೆ ಎಣ್ಣೆ. ಹಳೇ ಲೇತಿಗೆ ಹಾಕೋ ಎಣ್ಣೇನೇ. ಅಳತೇನೂ ಅದೇ.”

“ನೀರು?”

“ಆ ಪೀಪಾಯಿದು. ತುಂಬೇ ಇತ್ತು.”

“ತುಂಬಿಸಿದ್ದು—?”

“ಭಾವ ಅಂದ್ಕೊಂಡೆ.”

“ನಾನಾ? ನೀನು ಅಂದ್ಕೊಂಡೆ!”

ಅಷ್ಟರಲ್ಲಿ ಹಿಂದಿನ ಮನೆಯಿಂದ ಜುಹೈರನ ತಾಯಿ ಲಲ್ಲಾ ಜಮೀಲಾ ನೀರಿನ ಬಾಟಲಿ ಹಿಡಿದು ಬಂದರು. “ಬಾಯಿ ಒಣಗೋ ಹಾಗೆ ಕಿರುಚ್ತಿದೀರಲ್ಲೋ. ತಗೊಳಮ್ಮ, ಕುಡಿ.”

ತೌಹಿದಾ ಬಾಟಲಿ ತಿರುಗಿಸಿ ನೋಡಿದಳು. ಅಂಗಡಿಯದು. ಅವಳ ತುಟಿಯಂಚಿನಲ್ಲಿ ನಗು ಮೂಡಿತು.

“ಇದು ಸೋಪಲ್ಲ ಜುಹೈರ್. ಹಳೇ ಲೇತು ನೋಡು. ಕೂಲೆಂಟ್ ಚೆಲ್ಲಿ ಒಣಗಿದಲ್ಲೆಲ್ಲ ಸುಣ್ಣದ ಥರ ಬಿಳಿ ಕಲೆ. ಅದು ನಿಮ್ಮ ಬಾವಿಯ ಗಡಸು ನೀರಿನ ಗುರುತು. ಈಗ ಹೊಸದನ್ನ ನೋಡು. ನಿನ್ನೆ ಸುರಿಯುವಾಗ ಇಲ್ಲಿ ಚೆಲ್ಲಿದೆ, ಒಣಗಿದೆ. ಕಲೆ ಎಲ್ಲಿ?”

ಇಲ್ಲ! ಒಂದೂ ಇಲ್ಲ.

“ನೀರಿಗೂ ಎಣ್ಣೆಗೂ ಒಗ್ಗಲ್ಲ. ಎರಡನ್ನೂ ಕೂಡಿಸೋಕೆ ಆ ಎಣ್ಣೆಯಲ್ಲೇ ಸೋಪಿನಂಥದ್ದು ಬೆರೆಸಿರ್ತಾರೆ. ಗಡಸು ನೀರಲ್ಲಿ ಅದು ನೊರೆ ಕಟ್ಟಲ್ಲ. ಮೆದು ನೀರು ಸಿಕ್ತೋ, ಉಕ್ಕುತ್ತೆ! ನೊರೆ ಅಂದ್ರೆ ಬರೀ ಗಾಳಿ. ಅದು ಕಾವೂ ಹೀರಲ್ಲ, ಜಾರಿಕೇನೂ ಕೊಡಲ್ಲ. ಉಕ್ಕು ಕಡೆಯೋ ಟೂಲ್ ಸುಟ್ಟುಹೋಗುತ್ತೆ. ಪೀಪಾಯಿಯಲ್ಲಿದ್ದದ್ದು ಮಳೆನೀರು.”

“ಮಳೆನೀರು ಎಲ್ಲಿಂದ ಬಂತು?”

“ಅಂಗಳದಲ್ಲಿ ಮಳೆನೀರಿನ ತೊಟ್ಟಿ ಇರೋ ಮನೇಲಿ, ಬಂದೋರಿಗೆ ಅಂಗಡಿ ನೀರು ಯಾಕೆ ಕೊಟ್ರಿ ಲಲ್ಲಾ ಜಮೀಲಾ? ತೊಟ್ಟಿ ಖಾಲಿಯಾಯ್ತಾ?”

ಎಲ್ಲರೂ ತಿರುಗಿದರು. ಮುದುಕಿ ಸೊಂಟಕ್ಕೆ ಕೈಯಿಟ್ಟು ನಿಂತರು.

“ಹೂಂ, ನಾನೇ ತುಂಬಿಸ್ದೆ! ಸೊಸೆ ಬಂದ ಹಾಗೆ ಬಂದಿದೆ ಈ ಲೇತು ಮನೆಗೆ. ಅದಕ್ಕೆ ಆ ಸವಳು ನೀರು ಕುಡಿಸ್ಲಾ? ತೊಟ್ಟಿ ಬಳಿದು ಬಳಿದು ಹೊತ್ತು ತಂದೆ. ನನ್ನ ಸೊಂಟ ಕೇಳ್ರೋ!”

ಮೊದಲು ನಕ್ಕವಳು ರೀಮಾ. ಆಮೇಲೆ ನೌಫಲ್. ಜುಹೈರ್ ನೊರೆಯಲ್ಲೇ ಜಾರುತ್ತ ಹೋಗಿ ಅವನನ್ನು ತಬ್ಬಿಕೊಂಡ. “ತಪ್ಪಾಯ್ತು ಕಣೋ. ವಾರ ಪೂರ್ತಿ ರಜೆ ತಗೋ!”

ಅರ್ಧ ಕೂಲೆಂಟ್ ತೆಗೆದು, ಬಾವಿ ನೀರಲ್ಲಿ ಹೊಸದಾಗಿ ಬೆರೆಸಿ ಸುರಿದರು. ನೊರೆ ನಿಧಾನವಾಗಿ ಕುಸಿಯಿತು. ಲೇತು ಗುನುಗತೊಡಗಿತು, ಶಾಫ್ಟಿನ ಮೇಲೆ ಹಾಲಿನಂಥ ಧಾರೆ ಬಿದ್ದು, ಉಕ್ಕಿನ ಸುರುಳಿಗಳು ಹೊಳೆಯುತ್ತ ಉದುರಿದವು.

“ಹಾಗಾದ್ರೆ ಈ ಸೊಸೆಗೆ ನಾನು ಏನೂ ಹಾಕೋ ಹಾಗಿಲ್ವಾ?” ಎಂದರು ಲಲ್ಲಾ ಜಮೀಲಾ, ಮುಖ ಸಣ್ಣದು ಮಾಡಿಕೊಂಡು.

“ಅದಕ್ಕೆ ಬೇಡ,” ಎಂದಳು ತೌಹಿದಾ. “ಬೆಳಿಗ್ಗೆಯಿಂದ ನನ್ನ ಗಂಡ ಏನೂ ತಿಂದಿಲ್ಲ. ಇವರಿಗೆ ಹಾಕಿ.”

ಮೀನಿನ ಕುಸ್‌ಕುಸ್ ಎರಡು ಸಲ ಬಡಿಸಿಕೊಂಡೆ.